ಹೇಳದೇ ಹಾಕಿಸಿದ ಬೆಸುಗೆ

ಬ್ಯಾಡಗಿಯ ಒಂದು ತಿರುವಿನಲ್ಲಿ ನನ್ನ ಹೆಂಡತಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ನಮ್ಮ ಫೋರ್ ವೀಲ್ ಡ್ರೈವ್ ಜೀಪು ನೆಟ್ಟಗೆ ನುಗ್ಗಿ, ರಸ್ತೆ ಬದಿಯಲ್ಲಿ ಒಣಹಾಕಿದ್ದ ಮೆಣಸಿನಕಾಯಿಯ ಮೇಲೆ ಹೋಗಿ ನಿಂತಿತು. "ನಿನ್ನ ಕೈಯಾಗ ಗಾಡಿ ಕೊಟ್ಟಿದ್ದ ತಪ್ಪಾತು" ಎಂದು ಪಕ್ಕದಲ್ಲಿದ್ದ ನಾನು ಜನರೆದುರೇ ರೇಗಿದೆ.

ಕಾಯಿ ಹರವಿದ್ದ ಅಜ್ಜಿ ಎದ್ದು ಬಂದಳು. ಬೈಯುವುದಿದ್ದರೆ ಅವಳು ಬೈಯಬೇಕಿತ್ತು. "ಆಕಿಗ್ಯಾಕ ಬೈತಿಯೋ ತಮ್ಮಾ? ಆಕಿ ತಿರುವಿದ್ದು ನಾ ನೋಡೇನಿ. ಗಾಡೀನ ತಿರುಗಲಿಲ್ಲ" ಎಂದಳು.

ಏಕೆ ತಿರುಗಲಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಗಳಗನಾಥದ ಹೊಳೆದಂಡೆಯ ಕೆಸರಿನಲ್ಲಿ ಓಡಿಸುವ ಹುಚ್ಚಿಗೆ, ರಾಣೆಬೆನ್ನೂರಿನ ಗ್ಯಾರೇಜಿನಲ್ಲಿ ಹಿಂದಿನ ಡಿಫರೆನ್ಷಿಯಲ್ ಗೇರಿಗೆ ಬೆಸುಗೆ ಹಾಕಿಸಿ, ಹಿಂದಿನ ಎರಡೂ ಗಾಲಿ ಒಟ್ಟಿಗೇ ಸುತ್ತುವಂತೆ ಮಾಡಿಸಿದ್ದೆ. ಹಾಗಾದರೆ ಗಾಡಿ ಕೆಸರಿನಿಂದ ಸಲೀಸಾಗಿ ಏಳುತ್ತದೆ, ಡಾಂಬರಿನ ತಿರುವಿನಲ್ಲಿ ಮಾತ್ರ ಹಟ ಹಿಡಿಯುತ್ತದೆ. ಮೇಸ್ತ್ರಿ ಇದನ್ನು ನನಗೆ ಹೇಳಿದ್ದ. ನಾನು ಹೆಂಡತಿಗೆ ಹೇಳಿರಲಿಲ್ಲ. ಅಜ್ಜಿಯ ಎದುರಿನಲ್ಲೂ ಹೇಳಲಿಲ್ಲ.

ಆಮೇಲೆ ಮನೆಯಲ್ಲಿ ಎಲ್ಲ ಒಪ್ಪಿಕೊಂಡೆ. ಬೆಸುಗೆ ಹಾಕಿದ ಗೇರು ತೆಗೆಸಿ, ಹೊಸದನ್ನು ಕೂರಿಸಿ ಜೀಪನ್ನು ಮೊದಲಿನಂತೆ ಮಾಡಿಸಿಯೂ ಆಯಿತು. ಆದರೆ ಅವಳು ಹಾವೇರಿಯ ಕಚೇರಿಗೆ ಈಗಲೂ ಬಸ್ಸಿಗೇ ಹೋಗುತ್ತಾಳೆ. ಕೀಲಿ ಚಾಚಿದರೆ, "ನೀವ ಓಡಸ್ರಿ" ಎನ್ನುತ್ತಾಳೆ.