ನಡುವಿನ ಕೆನೆ

ಕೋವಿಡ್ ಮುಗಿದು ಎರಡು ವರ್ಷವಾಗಿತ್ತು. ಚಿಕ್ಕೋಡಿಯಲ್ಲಿ ನಾನು ಹಾಲಿನ ಡೇರಿಗಳ ಮಷಿನ್ ರಿಪೇರಿ ಮಾಡುತ್ತಿದ್ದೆ. ಈಗಲೂ ಅದೇ ಕೆಲಸ. ಸಾಲಿ ಕಲಿತದ್ದು ಏಳನೇ ಇಯತ್ತೆವರೆಗೆ. ಆದರೆ ಗರಗರ ತಿರುಗಿ ಹಾಲಿನಿಂದ ಕೆನೆ ಬೇರೆ ಮಾಡುವ ಸೆಂಟ್ರಿಫ್ಯೂಜ್ ಕೆಟ್ಟರೆ ಈ ಭಾಗದ ಡೇರಿಯವರು ಮೊದಲು ನನ್ನನ್ನೇ ಹುಡುಕುತ್ತಾರೆ. ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಒಂದು ಮುಂಜಾನೆ ಸಣ್ಣ ದವಾಖಾನೆಯೊಂದರ ಡಾಕ್ಟರ್ ಮೇಡಮ್ ಫೋನ್ ಮಾಡಿದರು. "ಮಿಸ್ತ್ರಿ, ನಮ್ಮ ಸೆಂಟ್ರಿಫ್ಯೂಜ್ ತಂಟೆ ಮಾಡಾಕತ್ತೈತಿ. ಕಂಪನಿಯವರು ಬರೂದು ತಡಾ. ನೀವು ನೋಡ್ತೀರೇನು?"

ಹೋದೆ. ಮಂಚದ ಮೇಲೆ ಅಕ್ಕೋಳದ ಗೌರವ್ವ ಕುಳಿತಿದ್ದಳು. ಹೊಲದ ಕೂಲಿ ಮಾಡುವಾಕೆ, ಸಕ್ಕರೆ ಕಾಯಿಲೆ ಬೇರೆ. ಹಿಮ್ಮಡಿಯ ಗಾಯ ತಿಂಗಳುಗಟ್ಟಲೆ ಮಾಯದೆ ಉಳಿದಿತ್ತು. "ಹಿಂಗ ಬಿಟ್ರ ಎಲುಬಿಗೆ ಇಳೀತೈತಿ" ಎಂದರು ಮೇಡಮ್. ಆಕೆಯದೇ ರಕ್ತ ತೆಗೆದು ತಿರುಗಿಸಿ, ಅದರೊಳಗಿನ ಪ್ಲೇಟ್‌ಲೆಟ್ ಬೇರೆ ಮಾಡಿ ಗಾಯಕ್ಕೆ ಹಚ್ಚುವ ವಿಚಾರ ಅವರದು. ಆದರೆ ಮೊದಲು ತೆಗೆದ ರಕ್ತ ಟ್ಯೂಬಿನಲ್ಲೇ ಕದಡಿ ಕೆಟ್ಟಿತ್ತು.

"ಇನ್ನೊಂದ್ ಸಲ ಚುಚ್ಚಾಕ ಕೊಡ್ತೀನಿ. ಅದೂ ಕೆಟ್ರ ನಾ ಊರಿಗೆ ಹೊಂಟೆ" ಎಂದು ಗೌರವ್ವ ಗದರಿದಳು. "ನನ್ನ ರಕ್ತಾ ಕಡದು ಬೆಣ್ಣಿ ತಗೀತೀರೇನು?"

ಡೆಂಗಿ ಬಂದಾಗ ಪ್ಲೇಟ್‌ಲೆಟ್ ಇಳಿದವು ಅನ್ನುವುದನ್ನು ಕೇಳಿದ್ದೆ. ಅವು ಗಾಯವನ್ನೂ ಮಾಯಿಸುತ್ತವೆಯೇ? ತಡೆಯಲಾಗದೆ ಕೇಳಿಯೇ ಬಿಟ್ಟೆ. ಮೇಡಮ್ ಬಿಡಿಸಿ ಹೇಳಿದರು: ಅವು ರಕ್ತದಲ್ಲಿನ ಬಲು ಸಣ್ಣ ಕಣಗಳು. ಗಾಯವಾದಲ್ಲಿ ಒಂದಕ್ಕೊಂದು ಅಂಟಿ ರಕ್ತ ನಿಲ್ಲಿಸುತ್ತವೆ. ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ತಮ್ಮೊಳಗಿನ ಗ್ರೋಥ್ ಫ್ಯಾಕ್ಟರ್ ಎಂಬ ವಸ್ತುಗಳನ್ನು ಹೊರಗೆ ಬಿಟ್ಟು, ಹೊಸ ಚರ್ಮ, ಹೊಸ ರಕ್ತನಾಳ ಕಟ್ಟುವ ಜೀವಕೋಶಗಳನ್ನು ಕರೆಯುತ್ತವೆ.

"ಅಂದ್ರ ಕಬ್ಬು ಕಡಿಯೋ ಗ್ಯಾಂಗಿನ ಮುಕಾದಮ್ ಇದ್ದಂಗ್ರಿ. ಆಳು ಕರದು ಕೆಲಸಕ್ಕ ಹಚ್ಚಾಂವ."

"ಹಂಗ ತಿಳೀರಿ. ಆದ್ರ ಎಲ್ಲಾರಿಗೂ ಗುಣ ಆಗ್ತೈತಿ ಅಂತ ನಾ ಹೇಳಾಂಗಿಲ್ಲ."

ಮಷಿನ್ ಬಿಚ್ಚಿದೆ. ವೇಗ ಸರಿ, ಸಮತೋಲ ಸರಿ. "ಈ ಪ್ಲೇಟ್‌ಲೆಟ್ಟಿನ ಕೆನಿ ಎಲ್ಲಿ ಕೂಡತೈತ್ರಿ? ಮ್ಯಾಲೇನು?"

"ಅಲ್ಲ. ಕೆಳಗ ಕೆಂಪು, ಮ್ಯಾಲ ಹಳದಿ ನೀರು. ನಿಮ್ಮ ಕೆನಿ ಆ ಎರಡರ ನಡುವ, ತೆಳ್ಳಗ."

ಮೇಲೆ ತೇಲುವ ಕೆನೆಯನ್ನಷ್ಟೇ ಕಂಡವನಿಗೆ ಇದು ಹೊಸದು. ಮಷಿನ್ ಮತ್ತೆ ಜೋಡಿಸಿ, ನೀರಿನ ಟ್ಯೂಬ್ ಇಟ್ಟು ಓಡಿಸಿ ಸ್ವಿಚ್ ಆಫ್ ಮಾಡಿದೆ. ಮಷಿನ್ ದಡಕ್ಕನೆ ನಿಂತಿತು.

"ಹಿಂಗ ಗಡಿಗಿ ಕುಕ್ಕಿದ್ರ ನಮ್ಮತ್ತಿ ಬೈತಿದ್ಲು" ಎಂದು ಗೌರವ್ವ ನಕ್ಕಳು. "ಮಸರ ಒಡೀತೈತೋ ತಮ್ಮಾ!"

ಅಲ್ಲೇ ಹೊಳೆಯಿತು. ಕೆಟ್ಟದ್ದು ತಿರುಗುವುದರಲ್ಲಿ ಅಲ್ಲ, ನಿಲ್ಲುವುದರಲ್ಲಿ. ಬ್ರೇಕ್ ಒಮ್ಮೆಲೇ ಹಿಡಿದು ನಡುವಿನ ಪದರ ಕದಡುತ್ತಿತ್ತು. ಬ್ರೇಕ್ ಸಡಿಲಿಸಿದೆ. ಚಕ್ರ ತಾನಾಗಿಯೇ ನಿಧಾನಕ್ಕೆ ನಿಂತಿತು.

ಗೌರವ್ವ ತೋಳು ಚಾಚಿದಳು. ಈ ಸಲ ರಕ್ತದ ಟ್ಯೂಬ್ ತಿರುಗಿ ಮೆಲ್ಲಗೆ ನಿಂತಿತು. ಹೊರಗೆ ತೆಗೆದರೆ, ಕೆಂಪು ಹಳದಿಗಳ ನಡುವೆ ಉಗುರಿನ ಅಂಚಿನಷ್ಟು ಬಿಳಿ ಗೆರೆ!

ಇನ್ಸುಲಿನ್, ಡ್ರೆಸ್ಸಿಂಗ್ ಜೊತೆಗೆ ಈ ಚಿಕಿತ್ಸೆಯೂ ಮತ್ತೆ ಮತ್ತೆ ನಡೆಯಿತು. ಗಾಯ ಅಂಚಿನಿಂದ ಒಳಕ್ಕೆ ಕೂಡುತ್ತ ಬಂತು. ಮುಂದೆ ಸಂತೆಯಲ್ಲಿ ಸಿಕ್ಕಾಗ ಗೌರವ್ವ ಚಪ್ಪಲಿ ಬಿಟ್ಟು ಹಿಮ್ಮಡಿ ತೋರಿಸಿದಳು. "ನೋಡೋ, ನನ್ನ ಬೆಣ್ಣಿ!"

ಈಗ ಯಾವ ಡೇರಿಯ ಮಷಿನ್ ಬಂದರೂ ಸ್ವಿಚ್ ಆಫ್ ಮಾಡಿ, ಅದು ಹೇಗೆ ನಿಲ್ಲುತ್ತದೆಂದು ನೋಡುತ್ತ ಕೂಡುತ್ತೇನೆ. "ಮಿಸ್ತ್ರಿ ಕೆಲಸ ಬಿಟ್ಟು ಕುಂತಾನ" ಅನ್ನುತ್ತಾರೆ. ಅನ್ನಲಿ. ಅದೂ ಕೆಲಸವೇ ಎಂದು ನಾನು ಕಲಿತದ್ದು ಆ ಬಿಳಿ ಗೆರೆಯಿಂದ.