ಡ್ರೈವರನ ಹೆಸರಿನ ಕಫ

ಆ ಡಾಕ್ಟರು ವಾರ್ಡಿಗೆ ಕಾಲಿಟ್ಟರೆ ರೋಗಿಗಳು ಕೆಮ್ಮನ್ನೂ ತಡೆದುಕೊಳ್ಳುತ್ತಿದ್ದರು. ಕ್ಷಯದ ಆಸ್ಪತ್ರೆಯಲ್ಲಿ ಅವರದು ದೊಡ್ಡ ಕುರ್ಚಿ. ರೋಗಿಗಳು ಔಷಧಿಯನ್ನು ಅರ್ಧಕ್ಕೇ ಯಾಕೆ ಬಿಡುತ್ತಾರೆ ಎಂಬುದು ಅವರ ಜೀವಮಾನದ ಸಂಶೋಧನೆ. ಉತ್ತರವನ್ನು ಬಹಳ ಹಿಂದೆಯೇ ಕಂಡುಹಿಡಿದಿದ್ದರು: ಅಸಡ್ಡೆ. ಆಮೇಲಿನ ವರ್ಷಗಳೆಲ್ಲ ಅದಕ್ಕೆ ತಕ್ಕ ಅಂಕಿಅಂಶ ಹೊಂದಿಸುವುದರಲ್ಲಿ ಕಳೆದವು. "ಮಾತ್ರೆ ನುಂಗಿದ್ರೆ ಹೊಟ್ಟೆ ತೊಳಸತ್ತೆ ಸಾರ್" ಎಂದು ಯಾರಾದರೂ ಗೋಗರೆದರೆ, ಅದು 'ನೆಪಗಳು' ಎಂಬ ಕಾಲಮ್ಮಿಗೆ ಹೋಗುತ್ತಿತ್ತು.

ಇಂಥವರಿಗೆ ಕೆಮ್ಮು ಶುರುವಾಯಿತು.

ಮೊದಲು ಧೂಳು ಅಂದರು, ಆಮೇಲೆ ಎ.ಸಿ. ಅಂದರು, ಕೊನೆಗೆ ಭಾಷಣ ಮಾಡಿ ಮಾಡಿ ಗಂಟಲು ಕೆಟ್ಟಿದೆ ಅಂದರು. ಸಂಜೆಯಾದರೆ ಮೈ ಕಾವೇರುತ್ತಿತ್ತು, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಹೆಂಡತಿ ನೋಡಿ ನೋಡಿ ಸಾಕಾಗಿ, "ರೀ, ಒಂದ್ಸಲ ಕಫ ಟೆಸ್ಟ್ ಮಾಡಿಸ್ಕೊಳ್ಳಿ" ಅಂದರು.

"ನಂಗಾ? ನಾನು ಅದರ ಡಾಕ್ಟ್ರು ಕಣೇ!"

"ಆ ಕ್ರಿಮಿಗೆ ನಿಮ್ಮ ಬೋರ್ಡು ಓದೋಕೆ ಬರಲ್ವಲ್ಲ."

ಡಾಕ್ಟರಿಗೂ ಒಳಗೊಳಗೇ ಪುಕುಪುಕು. ಆದರೆ ತಮ್ಮ ಹೆಸರಲ್ಲಿ ಕಫ ಕಳಿಸಿದರೆ ಆಸ್ಪತ್ರೆಯಲ್ಲಿ ಮಾನ ಹರಾಜು. ಯೋಚಿಸಿ, ಡಬ್ಬಿಯ ಮೇಲೆ ತಮ್ಮ ಕಾರಿನ ಡ್ರೈವರನ ಹೆಸರು, ವಿಳಾಸ ಬರೆದರು. ಅಂಟು ಹಚ್ಚಿದ ಕವರಿನೊಳಗೆ ಏನಿದೆಯೆಂದು ತಿಳಿಯದೆ ಅದನ್ನು ಜೋಪಾನವಾಗಿ ಲ್ಯಾಬಿಗೆ ಮುಟ್ಟಿಸಿದವನೂ ಅದೇ ಡ್ರೈವರು.

ರೋಗ ಇರುವುದು ಖಾತ್ರಿಯಾಯಿತು. ರೋಗ ಪತ್ತೆಯಾದವರ ಮನೆಗೆ ಆ ಕ್ಷಣವೇ ಹೋಗಬೇಕೆಂದು ಕಟ್ಟುನಿಟ್ಟು ಮಾಡಿದ್ದವರು ಡಾಕ್ಟರೇ. ಹಾಗಾಗಿ ಸುದ್ದಿ ಅವರ ಕಿವಿಗೆ ಬೀಳುವ ಮೊದಲೇ ನರ್ಸಮ್ಮ ಡ್ರೈವರನ ಬಾಗಿಲಲ್ಲಿ ನಿಂತು, ಕ್ಷಯದ ಮಾತ್ರೆ ತಗೋ ಬಾ ಎಂದು ಬೀದಿಗೆಲ್ಲ ಕೇಳುವ ಹಾಗೆ ಅವನನ್ನು ಕರೆದಿದ್ದರು. ಕತ್ತಲಾಗುವಷ್ಟರಲ್ಲಿ ಪಕ್ಕದ ಮನೆಯವರು ಮಕ್ಕಳನ್ನು ಒಳಗೆಳೆದುಕೊಂಡರು, ಅತ್ತೆ ಅಳಿಯನ ತಟ್ಟೆ ಲೋಟ ಬೇರೆ ಇಟ್ಟರು, ಮಾಲೀಕ ಬೇರೆ ಮನೆ ನೋಡಿಕೋ ಅಂದ.

ಮರುದಿನ ಬೆಳಿಗ್ಗೆ ಡ್ರೈವರ್ ಡಾಕ್ಟರ ಮನೆಗೆ ಬಂದು ಕಾರಿನ ಕೀಲಿಯನ್ನು ಮೇಜಿನ ಮೇಲೆ ಕುಕ್ಕಿದ. "ಸಾರ್, ನಾನು ಉಗಿದೇ ಇಲ್ಲ. ನನ್ನ ಕಫ ಅವರಿಗೆ ಹೇಗೆ ಸಿಕ್ತು?"

"ನೋಡಪ್ಪಾ, ಲ್ಯಾಬುಗಳಲ್ಲಿ ಒಂದೊಂದ್ಸಲ..." ಅನ್ನುವಷ್ಟರಲ್ಲಿ ಡಾಕ್ಟರಿಗೆ ಕೆಮ್ಮು ಒತ್ತರಿಸಿ ಬಂತು. ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಲೆಕ್ಕ ಹಾಕಲು ಹೊತ್ತು ಹಿಡಿಯಲಿಲ್ಲ. "ಏಳ್ರೀ, ಇವರ ಮನೆಗೆ ಹೋಗೋಣ" ಅಂದರು.

ಡ್ರೈವರನ ಮನೆ ಮುಂದೆ ಬೀದಿಯವರೆಲ್ಲ ಸೇರಿದರು. ಡಾಕ್ಟರು ಸಮ್ಮೇಳನದ ದನಿ ತೆಗೆದರು: "ಮಾದರಿಯ ಗುರುತಿನಲ್ಲಿ ಒಂದು ತಾಂತ್ರಿಕ ಲೋಪ ಸಂಭವಿಸಿದ್ದು..."

"ಅಂದ್ರೆ?" ಅಂದರು ಡ್ರೈವರನ ಅತ್ತೆ.

"ಅಂದ್ರೆ, ಕಫ ಇವರದ್ದು" ಎಂದು ಹೆಂಡತಿ ಗಂಡನತ್ತ ಬೆರಳು ತೋರಿಸಿದರು. "ಬರೆದದ್ದು ನಿಮ್ಮ ಅಳಿಯನ ಹೆಸರು."

ಜನ ಡಾಕ್ಟರ ಸುತ್ತ ಜಾಗ ಬಿಟ್ಟುಕೊಟ್ಟರು. ಅವರ ಜೀವನದಲ್ಲಿ ಅಷ್ಟು ಜಾಗ ಯಾರೂ ಕೊಟ್ಟಿರಲಿಲ್ಲ. ಅತ್ತೆ ಮೂಗು ಮುಚ್ಚಿಕೊಂಡೇ, "ಸಾಹೇಬ್ರಿಗೆ ಕುರ್ಚಿ ಹೊರಗೇ ಹಾಕು" ಅಂದರು.

ಚಿಕಿತ್ಸೆ ಶುರುವಾಯಿತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ಅನ್ನ ಕಂಡರೆ ವಾಕರಿಕೆ. ಜ್ವರ ಬಿಟ್ಟಿದ್ದೇ ತಡ, ಡಾಕ್ಟರು ಮಾತ್ರೆಗಳನ್ನು ಹೂವಿನ ಕುಂಡಕ್ಕೆ ತಿನ್ನಿಸತೊಡಗಿದರು. ಒಂದು ದಿನ ಸಿಕ್ಕಿಬಿದ್ದರು.

"ಹೊಟ್ಟೆ ತೊಳಸತ್ತೆ ಕಣೇ..."

"ನೆಪ" ಅಂದರು ಹೆಂಡತಿ. ಅಂದಿನಿಂದ ಎದುರಿಗೇ ನುಂಗಿಸಿ, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುವುದು ರೂಢಿಯಾಯಿತು.

ಹಾಗೂ ಹೀಗೂ ಡಾಕ್ಟರು ಗುಣವಾದರು. ಮುಂದಿನ ಸಮ್ಮೇಳನದಲ್ಲಿ, ರೋಗಿಗಳು ಔಷಧಿ ಬಿಡುವುದಕ್ಕೆ ಔಷಧಿಯ ಸಂಕಟವೇ ದೊಡ್ಡ ಕಾರಣ ಎಂದು ಹೊಸದಾಗಿ ಕಂಡುಹಿಡಿದದ್ದನ್ನು ಮಂಡಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಡ್ರೈವರನ ಮನೆ ಮಾಲೀಕ ಮಾತ್ರ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ನಿಂಗೆ ಇಲ್ಲ ಸರಿ, ದಿನಾ ಅವರ ಜೊತೆ ಕಾರಲ್ಲಿ ಕೂತಿದ್ದೆಯಲ್ಲ" ಅಂದ. ಡ್ರೈವರ್ ಮನೆಯನ್ನೂ ಬಿಟ್ಟ, ಕೆಲಸವನ್ನೂ ಬಿಟ್ಟ, ಶಾಲೆಯ ವ್ಯಾನು ಓಡಿಸುವ ಕೆಲಸ ಹಿಡಿದ. ಡಾಕ್ಟರು ಹೊಸ ಮನೆಗೆ ಒಂದು ಬುಟ್ಟಿ ಹಣ್ಣು ಕಳಿಸಿದರು. ಅತ್ತೆ ಬಿಸಿನೀರಲ್ಲಿ ಉಜ್ಜಿ ತೊಳೆದು ತಿಂದರಂತೆ. ಡ್ರೈವರ್ ಮುಟ್ಟಲಿಲ್ಲ.