ರೊಪ್ಪಕ್ಕೆ ಬಂದ ಫೋನು

ರಾಮಕ್ಕನ ಕೈ ಸಣ್ಣದು. ಐವತ್ತು ದಾಟಿದ ಹೆಂಗಸಿನ ಕೈ ಎಂದರೆ ಯಾರೂ ನಂಬುವುದಿಲ್ಲ. ಬಳೆಗಾರ ಇವತ್ತಿಗೂ ಅವಳಿಗಾಗಿ ಮಕ್ಕಳ ಬಳೆಯ ಗಂಟು ಬಿಚ್ಚುತ್ತಾನೆ. ಆದರೆ ಧರ್ಮಪುರಿ ಕಡೆಯ ನಲ್ಲಂಪಳ್ಳಿ ಸುತ್ತಿನ ಕುರಿಯವರಿಗೆ ಆ ಕೈಯ ಬೆಲೆ ಗೊತ್ತು. ಮರಿ ಅಡ್ಡ ತಿರುಗಿ ಕುರಿ ಈಯಲಾರದೆ ಒದ್ದಾಡುವಾಗ, ಗಂಡಸರ ಕೈ ಹೋಗದ ಕಡೆ ರಾಮಕ್ಕನ ಕೈ ಹೋಗುತ್ತದೆ. ಕಾಲು ಯಾವುದು, ತಲೆ ಯಾವುದು ಎಂದು ಒಳಗೇ ತಡವಿ ತಿಳಿದು, ಮರಿಯನ್ನು ನೆಟ್ಟಗೆ ತಿರುಗಿಸಿ ಈಚೆಗೆ ತರುತ್ತಾಳೆ. ಈ ಕೆಲಸದ ಬಗ್ಗೆ ಅವಳಿಗೆ ಹೆಮ್ಮೆ ಇದೆ, ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವ ಜಾಯಮಾನವೂ ಅವಳದಲ್ಲ. ಯಾಕೆ ಮುಚ್ಚಿಡಬೇಕು ಹೇಳಿ.

ಊರು ಇರುವುದು ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ. ಎಲ್ಲರ ಜೇಬಿಗೂ ಮೊಬೈಲ್ ಬಂದ ಮೇಲೂ ಅಲ್ಲಿಗೆ ಸಿಗ್ನಲ್ ಬರಲಿಲ್ಲ. ಮಾತಾಡಬೇಕೆಂದವರು ಊರಾಚೆಯ ಬಂಡೆ ಹತ್ತಬೇಕು. ಹಾಗಾಗಿ ಅಕ್ಕಪಕ್ಕದ ಊರಿನ ಕುರಿಯವರು ರಾಮಕ್ಕನನ್ನು ಕರೆಯುತ್ತಿದ್ದದ್ದು ಅವಳ ಮನೆಯ ಮುಂಕೋಣೆಯಲ್ಲಿದ್ದ ಹಳೇ ಲ್ಯಾಂಡ್‌ಲೈನಿಗೆ. ತೊಂದರೆ ಏನೆಂದರೆ, ಮರಿ ಹಾಕುವ ಕಾಲದಲ್ಲಿ ರಾಮಕ್ಕ ಮನೆಯೊಳಗೆ ಇರುವುದೇ ಇಲ್ಲ. ಹಿತ್ತಲಿನ ತಗಡಿನ ರೊಪ್ಪದಲ್ಲಿ, ಕುರಿಗಳ ನಡುವೆಯೇ ಅವಳ ಊಟ, ಅಲ್ಲೇ ಕೂತಾಟ. ಫೋನು ಬಡಿದುಕೊಂಡರೂ ಅಷ್ಟೊಂದು ಕುರಿಗಳ ಗಲಾಟೆಯಲ್ಲಿ ಕೇಳುವುದಿಲ್ಲ. ಕೇಳಿಸಿ ಓಡಿದರೆ, ಅವಳು ಹೊಸಿಲು ದಾಟುವಷ್ಟರಲ್ಲಿ ನಿಂತುಹೋಗಿರುತ್ತದೆ.

ಹಾಗೆ ನಿಂತುಹೋದ ಒಂದು ಫೋನು ಮೇಲಿನೂರಿನ ಗೋವಿಂದರಾಜನದು. ಅವನ ಒಂದು ಕುರಿ ಹೊಟ್ಟೆಯ ಮರಿಯ ಜೊತೆಗೇ ಸತ್ತಿತು. ಮಾರನೆಯ ದಿನ ದಾರಿಯಲ್ಲಿ ಸಿಕ್ಕಿದವನು ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ನಾಲ್ಕು ಕಿತ ಫೋನ್ ಮಾಡ್ದೆ ಅಕ್ಕ," ಅಂದ. "ನೀನು ಎತ್ಲಿಲ್ಲ."

ಬೈದಿದ್ದರೆ ರಾಮಕ್ಕ ತಿರುಗಿಸಿ ಬೈದು ಹಗುರಾಗುತ್ತಿದ್ದಳು. ಈ ಮಾತು ಅವಳಿಗೆ ನಾಟಿತು. ಕೈ ಇದ್ದೂ ಇಲ್ಲದವಳಾದೆನಲ್ಲ ಎಂದು ಎರಡು ದಿನ ಅನ್ನ ಸೇರಲಿಲ್ಲ. ಫೋನು ರೊಪ್ಪಕ್ಕೇ ಬರಬೇಕು ಎಂದು ಅವತ್ತೇ ತೀರ್ಮಾನ ಮಾಡಿದಳು. ಲೈನ್‌ಮ್ಯಾನ್ ವಿಶ್ವನಾಥನ್‌ಗೆ ಹೇಳಿಸಿದರೆ "ಅಡುತ್ತ ವಾರಂ ವರೇನ್", ಮುಂದಿನ ವಾರ ಬರ್ತೀನಿ ಎಂದು ತಮಿಳಿನಲ್ಲಿ ಉತ್ತರ ಬಂತು. ಪಾಪ, ಒಬ್ಬನೇ ಮನುಷ್ಯ, ಹದಿನೆಂಟು ಹಳ್ಳಿಯ ಕಂಬ. ಆದರೆ ಕುರಿಗಳು ಮುಂದಿನ ವಾರಕ್ಕೆ ಕಾಯುವುದಿಲ್ಲವಲ್ಲ.

"ನಾನೇ ಆಕ್ತೀನಿ ಬಿಡು," ಅಂದಳು ರಾಮಕ್ಕ.

ಗಂಡ ಪುಟ್ಟಪ್ಪ ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. "ಕುರಿಗೊಂದು ಫೋನಾ? ಟಗರು ಅಲೋ ಅಂತೈತಾ?"

"ನಿನಗಿಂತ ಚಂದಾಗಿ ಅಂತೈತೆ."

ಪೇಟೆಗೆ ಹೋಗುವ ಮುಂಚೆ ಅವಳು ಮುಂಕೋಣೆಯಿಂದ ರೊಪ್ಪದವರೆಗೆ ನೆಲದ ಮೇಲೆ ಮಾರು ಹಾಕಿದಳು. ಕುರಿ ಕಟ್ಟುವ ಹಗ್ಗಕ್ಕೆ ಅಳೆಯುವುದು ಹಾಗೆಯೇ, ಎರಡು ಕೈ ಚಾಚಿ ಚಾಚಿ. ಹದಿನಾಲ್ಕು ಮಾರಾಯಿತು. ಅಷ್ಟು ವಯರು, ಗೋಡೆಗೆ ಹೊಡೆಯುವ ಒಂದು ಪುಟ್ಟ ಡಬ್ಬಿ, ಇನ್ನೊಂದು ಫೋನು ತಂದಳು. ಡಬ್ಬಿಗೆ ರೋಸೆಟ್ ಅನ್ನುತ್ತಾರೆ ಎಂದು ಅಂಗಡಿಯವನು ಹೇಳಿಕೊಟ್ಟ. ಆಮೇಲೆ ಆ ಮಾತನ್ನು ಊರಲ್ಲಿ ಅವಳು ಎಷ್ಟು ಸಲ ಆಡಿದಳೋ ಲೆಕ್ಕವಿಲ್ಲ.

ವಯರನ್ನು ಹಗ್ಗದಂತೆ ನೆಲದ ಮೇಲೆ ಬಿಡುವ ಹಾಗಿರಲಿಲ್ಲ, ಕುರಿ ಕಡಿದು ಹಾಕುತ್ತವೆ. ಸೂರಿಗೆ ಏರಿಸಿ, ಅಲ್ಲಿಂದ ಇಳಿಸಬೇಕು. ಮುಂಕೋಣೆಯ ಹಳೇ ಡಬ್ಬಿಗೆ ವಯರಿನ ಒಂದು ತುದಿ ಸಿಕ್ಕಿಸಿ, ಏಣಿ ಹತ್ತಿ ಮೊಳೆ ಹೊಡೆಯುತ್ತ ಹೋದವಳಿಗೆ ರೊಪ್ಪದ ಬಾಗಿಲಲ್ಲೇ ವಯರು ಮುಗಿಯಿತು. ಇನ್ನೂ ಎರಡು ಮಾರು ಬೇಕು. ಹಿಂದೆ ವಿಶ್ವನಾಥನ್ ಬಿಟ್ಟುಹೋಗಿದ್ದ ತುಂಡು ವಯರೊಂದು ಅಟ್ಟದ ಮೇಲಿತ್ತು. ಅದನ್ನು ತಂದು ಗಂಟು ಹಾಕಲು ಕೂತಳು.

ರಾಮಕ್ಕನ ಕೈ ಇನ್ನೊಂದು ಕೆಲಸವನ್ನೂ ಬಲ್ಲದು. ಕಂಬಳಿ ನೇಯುವವರ ಮನೆಯಲ್ಲಿ ಹುಟ್ಟಿದವಳು. ಐದನೇ ವಯಸ್ಸಿಗೇ ಅವ್ವ ಕೈಗೆ ಕದಿರು ಕೊಟ್ಟು ಕರಿ ಉಣ್ಣೆ ನೂಲಿಸಿದ್ದಳು. ಎರಡು ಎಳೆ ಕಂಡರೆ ಅವಳ ಬೆರಳುಗಳು ಸುಮ್ಮನಿರುವುದಿಲ್ಲ, ಸೇರಿಸಿ ಹುರಿ ಮಾಡಿಬಿಡುತ್ತವೆ. ವಯರಿನೊಳಗೂ ಎರಡು ಎಳೆ, ಒಂದು ಕೆಂಪು, ಒಂದು ಬಿಳಿ. ಈ ತುಂಡಿನವು ಎರಡು, ಆ ತುಂಡಿನವು ಎರಡು, ನಾಲ್ಕರ ಸಿಪ್ಪೆ ಸುಲಿದು ತೊಡೆಯ ಮೇಲಿಟ್ಟು ಒಟ್ಟಿಗೆ ಹೊಸೆದಳು. ಎಂಥ ಹುರಿ ಅಂತೀರಿ, ಎಳೆದರೆ ಕುರಿ ಕಟ್ಟಬಹುದು. ಹೊಸ ಫೋನನ್ನು ವಯರಿನ ತುದಿಗೆ ಸಿಕ್ಕಿಸಿ, ಸಂತೋಷದಿಂದ ಎತ್ತಿ ಕಿವಿಗಿಟ್ಟಳು. ಸದ್ದೇ ಇಲ್ಲ.

ಸೊಸೆ ಅರ್ಚನಾ ಮುಂಕೋಣೆಯಿಂದ ಕೂಗಿದಳು. ಅವಳು ಧರ್ಮಪುರಿಯಲ್ಲಿ ಓದಿದವಳು, ಬಾಯಿಗೆ ತಮಿಳೇ ಮೊದಲು ಬರುತ್ತದೆ. "ಅತ್ತೆ, ಇಂಗೆಯೂ ಪೋಚು. ಇದೂ ಸತ್ತೋಯ್ತು."

ರಾಮಕ್ಕ ಫೋನು ಕೆಳಗಿಟ್ಟಳು. ರೊಪ್ಪಕ್ಕೆ ತರಲು ಹೋಗಿ ಇದ್ದದ್ದನ್ನೂ ಕಳೆದುಕೊಂಡಂತಾಯಿತು. ಇನ್ನು ಯಾರ ಕುರಿ ಒದ್ದಾಡಿದರೂ ತನಗೆ ಗೊತ್ತಾಗುವುದಿಲ್ಲ. ಓಡಿಹೋಗಿ ಮುಂಕೋಣೆಯ ಡಬ್ಬಿಯಿಂದ ಹೊಸ ವಯರನ್ನು ಕಿತ್ತಳು. ಹಳೇ ಫೋನು ಎತ್ತಿದರೆ ಕುಯ್ ಎಂದು ಬಾಯಿ ಬಿಟ್ಟಿತು. ಜೀವ ಬಂದಂತಾಗಿ ಅಲ್ಲೇ ಕೂತಳು. ಅಂದರೆ ತಪ್ಪು ಇರುವುದು ತನ್ನ ವಯರಿನಲ್ಲೇ.

"ಬಿಡಿ ಅತ್ತೆ, ಲೈನ್‌ಮ್ಯಾನ್ ಬರ್ಲಿ," ಅಂದಳು ಅರ್ಚನಾ.

"ನೀನು ಸುಮ್ನಿರು. ಬೆಳಕು ಇಡಿ ಇಲ್ಲಿ."

ಅರ್ಚನಾ ಟಾರ್ಚು ಹಿಡಿದಳು. ರಾಮಕ್ಕ ವಿಶ್ವನಾಥನ್ ಹಾಕಿದ್ದ ಡಬ್ಬಿಯೊಳಗೆ ಮೂಗು ತೂರಿಸಿ ನೋಡಿದಳು. ಕೆಂಪು ಒಂದು ತಿರುಪಿಗೆ, ಬಿಳಿ ಇನ್ನೊಂದು ತಿರುಪಿಗೆ. ಎಲ್ಲೂ ಒಂದನ್ನೊಂದು ಮುಟ್ಟಿಲ್ಲ. ಬಹಳ ಹೊತ್ತು ನೋಡಿದ ಮೇಲೆ ಅವಳಿಗೆ ನಗು ಬಂತು. ಇವು ಹುರಿಯಾಗುವ ಎಳೆಗಳಲ್ಲ. ಇದು ಕಂಬಳಿಯ ಅಂಚು. ಅಂಚಿನಲ್ಲಿ ಕರಿ ಎಳೆ ಕಡಿದರೆ ಕರಿಗೇ ಕೂಡಿಸಬೇಕು, ಬಿಳಿ ಕಡಿದರೆ ಬಿಳಿಗೆ. ಅಷ್ಟೇ ಅಲ್ಲ, ಎರಡು ಗಂಟು ಒಂದೇ ಕಡೆ ಬರಬಾರದು, ಒಂದನ್ನು ನಾಲ್ಕು ಬೆರಳು ಹಿಂದೆ ಹಾಕು ಎಂದು ಅವ್ವ ತಲೆಗೆ ಮೊಟಕಿ ಕಲಿಸಿದ್ದಳು.

ಮುಂಕೋಣೆಯಲ್ಲಿ ಕೆಂಪಿಗೆ ಕೆಂಪು, ಬಿಳಿಗೆ ಬಿಳಿ ಮತ್ತೆ ಕೂಡಿಸಿ ಬಂದು, ರೊಪ್ಪದ ಬಾಗಿಲಲ್ಲಿ ತನ್ನ ಹುರಿಯನ್ನು ಬಿಚ್ಚಿ ಕತ್ತರಿಸಿದಳು. ಆಗಲೇ ಬೆರಳಿಗೆ ಜುಂ ಎಂದು ಏನೋ ಹೊಡೆಯಿತು, ಒಳಗೆ ಫೋನೂ ಬಡಿದುಕೊಂಡಿತು. ರಾಮಕ್ಕ ವಯರು ಬಿಸಾಡಿ ಎರಡು ಹೆಜ್ಜೆ ಹಿಂದೆ ಹಾರಿದಳು. ಯಾರದೋ ರಾಂಗ್ ನಂಬರಂತೆ. ಅರ್ಚನಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗು ನಗು," ಅಂದಳು ರಾಮಕ್ಕ. "ಫೋನು ಬಂದ್ರೆ ನಿಮ್ಗೆ ಕಿವಿಗೆ ಗೊತ್ತಾಗ್ತೈತೆ, ನಂಗೆ ಕೈಗೇ ಗೊತ್ತಾಯ್ತು."

ಒಳಗಿನ ಫೋನಿನ ರಿಸೀವರನ್ನು ಎತ್ತಿ ಪಕ್ಕಕ್ಕಿಡಿಸಿ, ಇನ್ನಾರೂ ಕರೆಯದಂತೆ ಮಾಡಿಕೊಂಡು ಮತ್ತೆ ಕೂತಳು. ಕೆಂಪನ್ನು ಒಂದು ಕಡೆ, ಬಿಳಿಯನ್ನು ನಾಲ್ಕು ಬೆರಳು ಹಿಂದೆ ಕೂಡಿಸಿದಳು. ಒಂದೊಂದಕ್ಕೂ ಬೇರೆ ಬೇರೆಯಾಗಿ ಟೇಪು ಸುತ್ತಿ, ಎರಡರ ಮೇಲೂ ಮತ್ತೊಂದು ಸುತ್ತು ಸುತ್ತಿದಳು. ರೋಸೆಟ್ಟನ್ನು ಕುರಿಯ ಬಾಯಿಗೆ ಸಿಗದಷ್ಟು ಎತ್ತರದಲ್ಲಿ ಕಂಬಕ್ಕೆ ಬಡಿದು, ತಿರುಪು ಬಿಗಿದು, ಒಳಗಿನ ರಿಸೀವರನ್ನು ಮತ್ತೆ ಅದರ ಜಾಗಕ್ಕೆ ಇಡಿಸಿ, ಹೊಸ ಫೋನು ಎತ್ತಿದಳು. ಕುಯ್ ಎಂದಿತು. ಅದನ್ನು ಪುಟ್ಟಪ್ಪನ ಕಿವಿಗೆ ಹಿಡಿದಳು, ಅರ್ಚನಾಳ ಕಿವಿಗೆ ಹಿಡಿದಳು. ಮೊದಲ ಮರಿ ಹಿಡಿದ ದಿನವೂ ಅವಳು ಅಷ್ಟು ಬೀಗಿರಲಿಲ್ಲ.

ಮುಂದಿನ ವಾರ ವಿಶ್ವನಾಥನ್ ಹೇಳಿದ ಮಾತಿನಂತೆ ಬಂದೇ ಬಂದ. ಕೆಲಸ ಆಗಿಹೋದದ್ದು ಕಂಡು ಸೂರಿನ ಕೆಳಗೆ ವಯರನ್ನು ನೋಡುತ್ತ ನಡೆದ. ಗಂಟಿನ ಹತ್ತಿರ ನಿಂತು ಟೇಪು ಬಿಚ್ಚಿ ನೋಡಿದ.

"ಇದು ಯಾರು ಹಾಕಿದ ಜಾಯಿಂಟು? ನಮ್ಮ ಆಪೀಸ್ ಆಳಾ?"

"ಯಾಕೆ, ತಪ್ಪಾಗೈತಾ?"

"ತಪ್ಪಿಲ್ಲೆ ಅಮ್ಮಾ. ಗಂಟು ಹಿಂದೆಮುಂದೆ ಹಾಕಬೇಕು ಅಂತ ಹೊಸಾ ಹುಡುಗರಿಗೆ ಹೇಳಿ ಹೇಳಿ ಸಾಕಾಯ್ತು. ಅದಕ್ಕೇ ಕೇಳ್ದೆ."

ರಾಮಕ್ಕ ತನ್ನ ಎರಡು ಕೈಗಳನ್ನು ಅವನ ಮುಂದೆ ಚಾಚಿ ತೋರಿಸಿದಳು. ಅವನು ಟೇಪನ್ನು ಇದ್ದ ಹಾಗೆಯೇ ಸುತ್ತಿ, ಮಜ್ಜಿಗೆ ಕುಡಿದು ಹೋದ.

ಅದಾಗಿ ನಾಲ್ಕು ದಿನಕ್ಕೆ, ಮಧ್ಯಾಹ್ನ, ರಾಮಕ್ಕನದೇ ಒಂದು ಕುರಿ ಈಯುತ್ತಿತ್ತು. ಮರಿಯ ಮುಂಗಾಲು ಅವಳ ಕೈಯಲ್ಲಿತ್ತು, ಬಿಡುವ ಹಾಗಿರಲಿಲ್ಲ. ಕಂಬದ ಫೋನು ಬಡಿದುಕೊಂಡಿತು. ಅರ್ಚನಾ ಓಡಿಬಂದು ಎತ್ತಿ, ಸುರುಳಿ ವಯರನ್ನು ಎಳೆದು ಅತ್ತೆಯ ಕಿವಿಗೆ ಹಿಡಿದಳು. ಗೋವಿಂದರಾಜ. ಮತ್ತೆ ಅದೇ ಪಾಡು. ಮರಿ ಅಡ್ಡ ಬಂದಿದೆ, ಕುರಿ ಸೋತಿದೆ. ಅವನ ಊರು ಎತ್ತರದಲ್ಲಿದ್ದುದರಿಂದ ಕುರಿಯ ಪಕ್ಕದಲ್ಲೇ ಕೂತು ಮೊಬೈಲಿನಲ್ಲಿ ಮಾತಾಡುತ್ತಿದ್ದ.

"ನಾನು ಬರಂಗಿಲ್ಲ, ನನ್ ಕೈ ಇಲ್ಲೈತೆ," ಅಂದಳು ರಾಮಕ್ಕ. "ನಿನ್ ಹೆಂಡ್ತಿ ಚಂದ್ರಿಕಾ ಕೈ ಸಣ್ಣದು. ಎಣ್ಣೆ ಅಚ್ಚಿ ಒಳಗೆ ಬಿಡಾಕೇಳು. ಏನು ಸಿಕ್ತು?"

"ಕಾಲು ಅಂತಾಳೆ."

"ಮುಂಗಾಲಾ ಹಿಂಗಾಲಾ? ಮಂಡಿ ಎತ್ಲಾಗೆ ಮಡ್ಚ್ತೈತೆ ನೋಡಾಕೇಳು."

ತನ್ನ ಕುರಿಯ ಮರಿಯನ್ನು ಈಚೆಗೆ ಎಳೆಯುತ್ತಲೇ, ಎರಡು ಮೈಲಿ ಆಚೆಯ ಮರಿಯನ್ನು ಅವಳು ಬಾಯಿಂದ ತಿರುಗಿಸಿದಳು. ಹಿಂದಕ್ಕೆ ದೂಡು, ತಲೆ ಹುಡುಕು, ಕುರಿ ತಿಣುಕಿದಾಗ ಎಳಿ. ಅರ್ಚನಾಳ ಕೈ ಸೋತರೂ ಫೋನನ್ನು ಕದಲಿಸಲಿಲ್ಲ. ಆಮೇಲೆ ಫೋನಿನೊಳಗೆ ಎಲ್ಲ ಸುಮ್ಮನಾಯಿತು. ರಾಮಕ್ಕ ಕಿವಿಯನ್ನು ಫೋನಿಗೆ ಒತ್ತಿದಳು. ಕೊನೆಗೆ, ತೆಳ್ಳಗೆ, ಮರಿಯ ಕೂಗು. ಆ ಕೂಗಿಗೆ ಇಲ್ಲಿ ರೊಪ್ಪದ ಎರಡು ತಾಯಿಕುರಿಗಳು ತಲೆ ಎತ್ತಿ ಕಂಬದ ಕಡೆ ನೋಡಿದವು.

ಗೋವಿಂದರಾಜ ಮತ್ತೆ ಫೋನಿಗೆ ಬಂದ. "ಎತ್ತಿದ್ಯಲ್ಲ ಅಕ್ಕ," ಅಂದ. "ಈ ಕಿತ ನೀನು ಎತ್ತಿದೆ."

ರಾಮಕ್ಕನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಎತ್ತದೆ ಇರ್ತೀನಾ," ಅಂದಳು. "ಲೈನು ನಾನೇ ಆಕಿದ್ದು."